ತನ್ನ ರಿಸಲ್ಟು ತನಗೇ ಮೊದಲು

ಸಿರುಗುಪ್ಪದ ಆಸ್ಫಿಯಾಳ ಬಗ್ಗೆ ಯಾರಾದರೂ "ಪಾಪ, ಕಣ್ಣು ಕಾಣಲ್ಲ" ಎಂದು ಮಾತು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಕಣ್ಣು ಕಾಣದಿರುವುದು ನಿಜ, ಹುಟ್ಟಿದಾಗಿನಿಂದ ಕಾಣುವುದಿಲ್ಲ. ಆದರೆ ಪಾಪ ಎನ್ನುವ ಮಾತು ಆ ಹುಡುಗಿಗೆ ಯಾವ ಕಡೆಯಿಂದಲೂ ಒಪ್ಪುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ, ಕಿಟಕಿ ಪಕ್ಕದ್ದೇ ಬೇಕು ಎಂದು ಕೇಳಿ ಕೂರುವವಳು ಅವಳು. ಅಪ್ಪ ಶಾಬುದ್ದೀನ್ ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ಹೊಲಿದು ಕೊಡುವವರು. ಅವ್ವ ನೂರಜಹಾನ್ ಮನೆಯ ಹಿತ್ತಲಲ್ಲಿ ಕೂತು ಆ ಹತ್ತಿಯ ಕಸ ಆರಿಸುವವರು. ಆಸ್ಫಿಯಾ ಊರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಇತಿಹಾಸವೆಂದರೆ ಪ್ರಾಣ, ಇಂಗ್ಲಿಷ್ ಎಂದರೆ ಪ್ರಾಣಸಂಕಟ.

ಅವಳಿಗೆ ಲೋಕದ ಮೇಲೆ ಇದ್ದದ್ದು ಒಂದೇ ಒಂದು ಸಿಟ್ಟು. ಅವಳ ರಿಸಲ್ಟು ಯಾವತ್ತೂ ಅವಳಿಗೆ ಮೊದಲು ಗೊತ್ತಾಗಿರಲಿಲ್ಲ.

ಎಸ್ಸೆಸ್ಸೆಲ್ಸಿಯದನ್ನು ಓಣಿಯ ತುದಿಯ ನೆಟ್ ಸೆಂಟರಿನ ದುರ್ಗೇಶ್ ನೋಡಿ ಅಂಗಡಿಯಿಂದಲೇ ಕೂಗಿದ್ದ. ಅವಳು ಮನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಪಕ್ಕದ ಮನೆಯವರು ಸಕ್ಕರೆ ತಿನ್ನುತ್ತಿದ್ದರು. ಪಿಯುಸಿಯದನ್ನು ದುರ್ಗೇಶನಿಂದ ಕೇಳಿದ್ದ ಬಸ್ ಕಂಡಕ್ಟರ್, ಟಿಕೆಟ್ ಜೊತೆಗೆ ಅವಳ ಕೈಗಿಟ್ಟ. ಡಿಗ್ರಿಯ ಮೂರನೇ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಹೋಯಿತು. ಅದನ್ನು ದುರ್ಗೇಶ್ ಕೂಗಲಿಲ್ಲ. ಮನುಷ್ಯ ಒಳ್ಳೆಯವನು, ಮೆಲ್ಲಗೆ ನಾಲ್ಕು ಜನರಿಗೆ ಮಾತ್ರ ಹೇಳಿದ. ಆ ನಾಲ್ಕು ಜನ ಮನೆಗೆ ಬಂದು ಸಮಾಧಾನ ಮಾಡತೊಡಗಿದಾಗಲೇ ತಾನು ಫೇಲಾಗಿರುವ ಸಂಗತಿ ಆಸ್ಫಿಯಾಗೆ ತಿಳಿದದ್ದು.

"ಅಳಾಕ ಸೈತ ನನಗ ಟೈಮ್ ಸಿಗಲಿಲ್ಲ ನೋಡ್ರಿ ಅಕ್ಕಾ," ಎಂದು ಆಮೇಲೆ ನನಗೆ ಹೇಳಿದ್ದಳು. "ಬಂದವ್ರಿಗೆ ಚಾ ಮಾಡಾಕ ಎದ್ದೆ."

ನಾನು ರಶ್ಮಿ, ಊರು ಕುರುಗೋಡು. ದಿನಾ ಬಸ್ಸಿನಲ್ಲಿ ನಿಂತು ಬಳ್ಳಾರಿಗೆ ಬಂದು, ಇಲ್ಲಿಯ ಒಂದು ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಅಂಗವಿಕಲರೂ ಬಳಸುವ ಹಾಗೆ ವೆಬ್‌ಸೈಟನ್ನು ಸರಿಪಡಿಸಬೇಕು ಎಂದು ಮೇಲಿನಿಂದ ಸುತ್ತೋಲೆ ಬಂತು. ಸಮಿತಿ ಆಯಿತು, ಚಹಾ ಬಿಸ್ಕತ್ತು ಆಯಿತು. ಸಮಿತಿಯಲ್ಲಿದ್ದವರೆಲ್ಲ ಕಣ್ಣು, ಕಿವಿ, ಕೈಕಾಲು ನೆಟ್ಟಗಿದ್ದವರೇ. ಮುಖಪುಟದ ಮೂಲೆಯಲ್ಲಿ ಒಂದು ಗಾಲಿಕುರ್ಚಿಯ ಚಿತ್ರ ಹಾಕಿದರೆ ಕೆಲಸ ಮುಗಿಯಿತು ಎಂದು ಸರ್ವಾನುಮತದಿಂದ ತೀರ್ಮಾನಿಸಿ ಎದ್ದರು.

ಗಾಲಿಕುರ್ಚಿ ಮೂಲೆಗೆ ಬಂದ ಮೂರ್ನಾಲ್ಕು ದಿನಕ್ಕೆ ಆಸ್ಫಿಯಾ ಅಪ್ಪನ ಜೊತೆ, ಕೈಯಲ್ಲಿ ಬಿಳಿ ಕೋಲು ಹಿಡಿದು, ನಮ್ಮ ಆಫೀಸಿಗೆ ಬಂದಳು. ಕೊನೆಯ ಸೆಮಿಸ್ಟರಿನ ಪರೀಕ್ಷೆ ಯಾವಾಗ ಎಂದು ಕೇಳಲು ಅಷ್ಟು ದೂರದಿಂದ ಬಂದಿದ್ದಳು. ಎಲ್ಲಾ ವೆಬ್‌ಸೈಟಿನಲ್ಲೇ ಇದೆಯಲ್ಲಮ್ಮ ಎಂದೆ. ಅವಳು ತನ್ನ ಫೋನು ತೆಗೆದು ಟೇಬಲ್ ಮೇಲಿಟ್ಟಳು. ಅವಳು ಬೆರಳಾಡಿಸಿದ ಕಡೆ ಇರುವುದನ್ನೆಲ್ಲ ಓದಿ ಹೇಳುವ ಫೋನು ಅದು. ನಮ್ಮ ಪುಟದ ಮೇಲೆ ಬೆರಳು ಸರಿದ ಹಾಗೆ ಅದು ಹೇಳಿತು: ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ.

"ಎಲ್ಲಿ ಮಾಡ್ಲಿ ಅಕ್ಕಾ? ನೀವು ಎಲ್ಲಾ ಕಡೀಗೂ ಇಲ್ಲೇ ಅಂತೀರಿ," ಎಂದಳು.

ನಾನೇ ಹುಡುಕಿ ವೇಳಾಪಟ್ಟಿ ತೆರೆದುಕೊಟ್ಟೆ. ಫೋನು "ಚಿತ್ರ" ಎಂದು ಹೇಳಿ ಸುಮ್ಮನಾಯಿತು. ಅಪ್ಪ ಶಾಬುದ್ದೀನ್ ಬಾಗಿಲ ಹತ್ತಿರ ನಿಂತು ನಕ್ಕುಬಿಟ್ಟರು. ನನಗೆ ಆ ಸಮಿತಿಯನ್ನು ಹಿಡಿದು ಅದೇ ಗಾಲಿಕುರ್ಚಿಯಲ್ಲಿ ಕೂರಿಸಿ ದಬ್ಬಬೇಕು ಎನಿಸಿತು. ಕುರ್ಚಿ ಎಳೆದು ಆಸ್ಫಿಯಾಳನ್ನು ಕೂರಿಸಿ, ನಿನಗೆ ಈ ವೆಬ್‌ಸೈಟಿನಿಂದ ಏನು ಬೇಕು ಹೇಳು ಎಂದೆ.

"ರಿಸಲ್ಟು ನಾನ ಮೊದ್ಲ ಕೇಳ್ಬೇಕ್ರಿ. ಪಾಸಾಗ್ಲಿ, ಫೇಲಾಗ್ಲಿ. ಇದು ಕೊನೀ ಸೆಮಿಸ್ಟರ್, ಇನ್ನೊಂದು ಸಲ ಬರಂಗಿಲ್ಲ. ಅದೊಂದು ಆದ್ರ ಸಾಕು."

ಪರೀಕ್ಷೆ ಮುಗಿದ ಮೇಲೆ ಅವಳು ಒಬ್ಬಳೇ ಬಸ್ಸು ಹತ್ತಿ ಬಂದು ನನ್ನ ಪಕ್ಕ ಕೂರತೊಡಗಿದಳು. ನಾನು ಸರಿಪಡಿಸುವುದು, ಅವಳ ಫೋನು ಓದುವುದು, ಅವಳು ತಪ್ಪು ಹಿಡಿಯುವುದು. ಕ್ಲಿಕ್ ಮಾಡಬೇಕಾದ ಜಾಗಕ್ಕೆಲ್ಲ ಹೆಸರು ಬಂತು. ಮುಖಪುಟದ ಫೋಟೋಗಳಲ್ಲಿ ಏನಿದೆ ಎಂದು ಮಾತಿನಲ್ಲಿ ಬರೆಯಬೇಕಿತ್ತು. ಗಣ್ಯರಿಗೆ ಹಾರ ಹಾಕುತ್ತಿದ್ದಾರೆ, ಬರೆದೆ. ಮುಂದಿನದು? ಇನ್ನೊಬ್ಬ ಗಣ್ಯರಿಗೆ ಹಾರ ಹಾಕುತ್ತಿದ್ದಾರೆ. ಅದರ ಮುಂದಿನದೂ ಅದೇ.

"ಅಕ್ಕಾ, ಇವ್ರಿಗೆ ಪಾಠ ಮಾಡಾಕ ಟೈಮ್ ಯಾವಾಗ ಸಿಗತೈತ್ರಿ?" ಎಂದು ಆಸ್ಫಿಯಾ ಕೇಳಿದಾಗ ಆಫೀಸೆಲ್ಲ ನಕ್ಕಿತು.

ನಿಜವಾದ ಅಡ್ಡಗೋಡೆ ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ವಿರೂಪಾಕ್ಷಪ್ಪನವರು. ಅವರ ವಿಭಾಗದಿಂದ ಏನೇ ಹೊರಬೀಳಲಿ, ಮೊದಲು ಕಾಗದದ ಮೇಲೆ ಪ್ರಿಂಟ್ ಆಗಬೇಕು, ಅದಕ್ಕೆ ಸಹಿ ಬೀಳಬೇಕು, ದುಂಡು ಮೊಹರು ಬೀಳಬೇಕು. ಆಮೇಲೆ ಅದನ್ನು ಫೋಟೋ ಹೊಡೆದ ಹಾಗೆ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸಬೇಕು. ಇಡೀ ಕಾಲೇಜಿನ ರಿಸಲ್ಟು ಒಂದೇ ಚಿತ್ರವಾಗಿ ಬರುತ್ತಿದ್ದುದು ಹೀಗೆ.

"ಮೊಹರಿಲ್ಲದ ಕಾಗದಕ್ಕ ಏನ್ ಬೆಲಿ ಐತಮ್ಮಾ?" ಎಂದರು ನನಗೆ. "ನಾಳೆ ಯಾರರ ಅಂಕ ತಿದ್ದಿ ಹಚ್ಚಿದ್ರ ನಾನ ಉತ್ತರ ಕೊಡ್ಬೇಕು."

ಅವರ ಭಯ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ವಿರೂಪಾಕ್ಷಪ್ಪನವರಿಗೆ ಮೊಹರಿಗಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಪ್ರಕಟಣೆಗಳ ಕನ್ನಡವನ್ನು ಅವರೇ ಕೂತು ಬರೆಯುತ್ತಿದ್ದರು. ಅವರ ಒಂದು ವಾಕ್ಯ ಪುಟದ ಮೇಲ್ತುದಿಯಲ್ಲಿ ಹೊರಟರೆ ಕೆಳತುದಿಯಲ್ಲಿ ಹೋಗಿ ನಿಲ್ಲುತ್ತಿತ್ತು. ಆಸ್ಫಿಯಾ ಅವರ ಮುಂದೆಯೇ ಅವರ ಪ್ರಕಟಣೆಯ ಮೇಲೆ ಬೆರಳಿಟ್ಟಳು. ಫೋನು ಯಥಾಪ್ರಕಾರ "ಚಿತ್ರ" ಎಂದಿತು.

"ಅಷ್ಟೇನಾ?"

"ಅಷ್ಟ ಸರ್."

"ಎರಡು ಪುಟ ಬರ್ದೀನಲ್ಲ ತಂಗಿ!"

ಅವರ ಮುಖ ಸಣ್ಣದಾಯಿತು. ನಾನು ಅವರ ಕಂಪ್ಯೂಟರಿನಿಂದಲೇ ಟೈಪ್ ಮಾಡಿದ ಮೂಲವನ್ನು ತಂದೆ. ಅದು ಹಳೆಯ ಕಾಲದ ಅಕ್ಷರಜೋಡಣೆ. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೋನು ಅದನ್ನು ಓದಿದ್ದು ಕೇಳಿ ವಿರೂಪಾಕ್ಷಪ್ಪನವರು ಕಿವಿ ಮುಚ್ಚಿಕೊಂಡರು. ಅದನ್ನು ಈಗಿನ ಅಕ್ಷರಕ್ಕೆ ಬದಲಿಸಿ ಮತ್ತೆ ಮುಂದಿಟ್ಟೆ. ಆಗ ಫೋನು ಶುದ್ಧ ಕನ್ನಡದಲ್ಲಿ, "ಈ ಮೂಲಕ ಸಮಸ್ತ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರು ಮಾಡಿ ಎರಡೂ ಪುಟ ಓದಿತು. ಅವರು ಕನ್ನಡಕ ತೆಗೆದು, ಕೈಕಟ್ಟಿ, ಪುರಾಣ ಕೇಳುವವರ ಹಾಗೆ ಕೂತು ಕೇಳಿದರು.

"ತಿಳಿಯಪಡಿಸುವುದೇನೆಂದರೆ ಅಂದ ಮ್ಯಾಲೆ ಸ್ವಲ್ಪ ಉಸಿರು ತಗೋಬೇಕು. ಅದಕ್ಕ ಹೇಳ್ರಿ," ಎಂದರು ಕೊನೆಗೆ.

ಅಂದಿನಿಂದ ಅವರು ನಮ್ಮ ಪಕ್ಷ. ಮೊಹರಿನ ಚಿತ್ರವೂ ಇರಲಿ, ಪಕ್ಕದಲ್ಲಿ ಓದಿಸಿಕೊಳ್ಳುವ ಅಕ್ಷರವೂ ಇರಲಿ ಎಂದು ಒಪ್ಪಿದರು. ರಿಸಲ್ಟಿಗೆ ಬೇರೆ ಪುಟವೇ ಮಾಡಿದೆವು. ನಂಬರು ಹಾಕಿದರೆ ಅವರವರ ಅಂಕ ಅವರವರಿಗೆ.

ರಿಸಲ್ಟು ಬಂದ ಮಧ್ಯಾಹ್ನ ನಾನು ಊಟವನ್ನೂ ಬಿಟ್ಟು ಕೂತಿದ್ದೆ. ಸಿರುಗುಪ್ಪದಿಂದ ಆಸ್ಫಿಯಾಳ ಫೋನು ಬಂತು.

"ಅಕ್ಕಾ, ನಂಬರ್ ಹಾಕೀನಿ. ಆಮ್ಯಾಲ ಚಿತ್ರ ಅಂತೈತ್ರಿ."

ಪುಟ ತೆರೆದು ನೋಡಿದೆ. ನಮ್ಮ ಕಂಪ್ಯೂಟರುಗಳ ಗುತ್ತಿಗೆ ಹಿಡಿದ ಕಂಪನಿಯವರು ಹಿಂದಿನ ಸಂಜೆ ಯಾರನ್ನೂ ಕೇಳದೆ ಒಂದು ಚೌಕ ಕೂರಿಸಿದ್ದರು. ಅದರಲ್ಲಿ ಸೊಟ್ಟಸೊಟ್ಟ ಅಕ್ಷರಗಳು. ನೀವು ಯಂತ್ರವಲ್ಲ, ಮನುಷ್ಯರು ಎಂದು ತೋರಿಸಲು ಇವನ್ನು ನೋಡಿ ಟೈಪ್ ಮಾಡಿ ಎಂಬ ಅಪ್ಪಣೆ. ಓದಿ ಹೇಳಿದೆ.

"ಕಣ್ಣಿದ್ರ ಮಾತ್ರ ಮನುಷ್ಯಾರೇನ್ರಿ?" ಎಂದಳು. ಕೂಡಲೇ, "ನನ್ನ ರಿಸಲ್ಟು ನೀವು ನೋಡಬ್ಯಾಡ್ರಿ ಮತ್ತ. ದುರ್ಗೇಶಣ್ಣನ ಹತ್ರ ನನ್ನ ನಂಬರ್ ಐತಿ, ಹೋದ ಸಲ ಬರ್ಕೊಂಡಾನ. ಅವನ್ನ ತಡಿಯಾಕ ಅಪ್ಪನ್ನ ಅಂಗಡೀಗೆ ಓಡಿಸೀನಿ. ಲಗೂನ ಏನಾರ ಮಾಡ್ರಿ," ಎಂದಳು.

ಅವಳ ನಂಬರು ನನಗೂ ಬಾಯಿಪಾಠ. ಬೆರಳು ತುರಿಸಿತು, ಸುಳ್ಳೇಕೆ ಹೇಳಲಿ. ಆದರೆ ಎದ್ದು ವಿರೂಪಾಕ್ಷಪ್ಪನವರ ಕೋಣೆಗೆ ಓಡಿದೆ. ರಿಸಲ್ಟಿನ ಪುಟದಲ್ಲಿ ಒಂದು ಚುಕ್ಕೆ ಬದಲಿಸಬೇಕಾದರೂ ಅವರ ಸಹಿ, ಮೊಹರು ಬೇಕು. ಅವರು ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದರು. ನಿಂತಲ್ಲೇ ವಿಷಯ ಹೇಳಿದೆ.

"ಆ ಹುಡಿಗಿ ಕಾಯಾಕ ಹತ್ಯಾಳೇನು?"

"ಹೌದು ಸರ್."

"ತಗಸು ಮತ್ತ. ಕಾಗದ ಆಮ್ಯಾಲ ಮಾಡೋಣಂತ."

ಕಂಪನಿಯವನಿಗೆ ಫೋನು ಮಾಡಿದೆ. ನಾಳೆ ನೋಡೋಣ ಮೇಡಂ ಎಂದ. ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ಕಲಿತ ಭಾಷೆಯನ್ನು ಸ್ವಲ್ಪ ಬಳಸಿದೆ. ಇವತ್ತೇ ಆಗುತ್ತೆ ಮೇಡಂ ಎಂದ. ಸೊಟ್ಟ ಅಕ್ಷರ ಹೋಗಿ, ಮೂರಕ್ಕೆ ಐದು ಕೂಡಿಸಿದರೆ ಎಷ್ಟು ಎಂಬ ಪ್ರಶ್ನೆ ಬಂತು. ಅದನ್ನು ಯಾವ ಫೋನು ಬೇಕಾದರೂ ಓದುತ್ತದೆ.

ಇಷ್ಟೊತ್ತಿಗೆ ಸಿರುಗುಪ್ಪದಲ್ಲಿ ಶಾಬುದ್ದೀನ್ ತಮ್ಮ ಜನ್ಮದಲ್ಲಿ ಆಡದ ನಾಟಕ ಆಡುತ್ತಿದ್ದರು. ಅಂಗಡಿ ತುಂಬ ಹುಡುಗರಿದ್ದರೂ ಬಿಡದೆ, ನಿನ್ನ ಹೆಂಡತಿ ಗಾದಿ ಗಂಟುಗಂಟಾಗಿದೆ ಅಂದಿದ್ದಳು, ಮಂಚದ ಅಳತೆ ಕೊಡು ನಡಿ ಎಂದು ದುರ್ಗೇಶನ ರಟ್ಟೆ ಹಿಡಿದು ಎಬ್ಬಿಸಿದರಂತೆ. "ಕಾಕಾ, ರಿಸಲ್ಟ್ ಟೈಮೈತಿ!" ಎಂದು ಅವನು ಬಡಕೊಂಡರೂ ಕೇಳಲಿಲ್ಲ. ಅವನ ಮನೆಯಲ್ಲಿ ಮಂಚವನ್ನು ಉದ್ದಕ್ಕೆ ಅಳೆದು, ಅಡ್ಡಕ್ಕೆ ಅಳೆದು, ಮತ್ತೆ ಉದ್ದಕ್ಕೆ ಅಳೆದರು. ಅವನು ಜೇಬಿನ ಫೋನಿಗೆ ಕೈ ಹಾಕಿದಾಗಲೆಲ್ಲ, "ಟೇಪು ಎರಡೂ ಕೈಲೆ ಹಿಡಿಯಪಾ, ಸೊಟ್ಟ ಆಗತೈತಿ" ಎಂದರು. ಆ ನಾಟಕದಲ್ಲಿ ಒಂದು ಗಾದಿ, ಎರಡು ದಿಂಬಿನ ಆರ್ಡರು ನಿಜವಾಗಿಯೂ ಸಿಕ್ಕಿತು.

ಇತ್ತ ನಾನು ಮತ್ತೆ ಫೋನು ಮಾಡಿದ್ದೆ, ಕಿವಿಯಲ್ಲಿ ಆಸ್ಫಿಯಾಳ ಮನೆಯ ಸದ್ದು. ಎಂಟು ಎಂದು ಒತ್ತಿದೆ ಅಕ್ಕಾ ಎಂದಳು. ಆಮೇಲೆ ಫೋನು ಓದಿದ್ದು ಅವಳ ಕಿವಿಗಷ್ಟೇ ಬಿತ್ತು. ಎಲ್ಲೋ ಒಂದು ಕೋಳಿ ಕೂಗುತ್ತಿತ್ತು.

"ಆತ್ರಿ ಅಕ್ಕಾ."

"ಏನಾತು?"

"ಕೇಳ್ದೆ. ನಿಮಗ ಆಮ್ಯಾಲ ಹೇಳ್ತೀನ್ರಿ," ಎಂದು ಫೋನು ಇಟ್ಟೇಬಿಟ್ಟಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಇಷ್ಟೆಲ್ಲ ಮಾಡಿದವಳಿಗೂ ಹೇಳಲಿಲ್ಲವಲ್ಲ ಎಂದು ಒಂದು ಗಳಿಗೆ ಉರಿಯಿತು. ಮರುಗಳಿಗೆ ಎಂಥದೋ ಖುಷಿಯಾಗಿ ಒಬ್ಬಳೇ ನಕ್ಕೆ. ಪುಟ ಮುಚ್ಚಿ ಊಟಕ್ಕೆ ಎದ್ದೆ.

ಉಳಿದದ್ದು ನನಗೆ ಗೊತ್ತಾದದ್ದು ಮುಂದಿನ ವಾರ, ಅವಳು ಎಂ.ಎ. ವಿಚಾರಿಸಲು ಬಂದಾಗ. ಫೋನು ಇಟ್ಟವಳು ಗೋಡೆ ಹಿಡಿದು ಹಿತ್ತಲಿಗೆ ಹೋಗಿ, ಹತ್ತಿ ಆರಿಸುತ್ತಿದ್ದ ಅವ್ವನ ಪಕ್ಕ ಕೂತು, ಫಸ್ಟ್ ಕ್ಲಾಸ್ ಬಂದೈತವ್ವ ಎಂದು ಕಿವಿಯಲ್ಲಿ ಹೇಳಿದಳಂತೆ.

"ಯಾರು ಹೇಳಿದ್ರು? ದುರ್ಗೇಶನಾ?" ಎಂದರಂತೆ ನೂರಜಹಾನ್.

"ಯಾರೂ ಇಲ್ಲ. ನಾನ ಕೇಳ್ದೆ."

"ನಿಮ್ಮಪ್ಪಗ ಗೊತ್ತೈತಿ?"

"ಇಲ್ಲವ್ವ. ನನಗೊಬ್ಬಾಕಿಗೆ ಗೊತ್ತಿತ್ತು. ಈಗ ನಿನಗ."

ಹೊರಗೆ ಓಣಿಯಲ್ಲಿ ದುರ್ಗೇಶನ ದನಿ ಕೇಳತೊಡಗಿತ್ತು, ಮಂಚ ಅಳೆದು ಮುಗಿದಿತ್ತೆಂದು ಕಾಣುತ್ತದೆ. ನೂರಜಹಾನ್ ಎದ್ದು, ಸೆರಗಿಗೆ ಅಂಟಿದ ಹತ್ತಿ ಕೊಡವಿ, ಒಳಗೆ ಹೋಗಿ ಮುಂಬಾಗಿಲ ಚಿಲಕ ಹಾಕಿದರು. ಬಂದು ಮಗಳ ಪಕ್ಕ ಮತ್ತೆ ಕೂತರು.

"ಈಗ ಇನ್ನೊಮ್ಮೆ ಹೇಳು," ಎಂದರಂತೆ.