ಅಮ್ಮ ಕೊಟ್ಟ ಬೆಲ್ಲ ನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಮಾತು ಆಮೇಲೆ. ಬಂದವರು ನೆಂಟರೋ, ವಿಮೆಯವರೋ, ವೋಟು ಕೇಳುವವರೋ, ಅಮ್ಮನಿಗೆ ಎಲ್ಲರೂ ಒಂದೇ. ಈ ಪದ್ಧತಿಯಿಂದಲೇ ನಮ್ಮ ಮನೆಗೆ ಬರುತ್ತಿದ್ದ ನೀರು ನಿಂತುಹೋಯಿತು.

ಉಚ್ಚಿಲದಲ್ಲಿ ನಮ್ಮ ಮನೆ ಹೆದ್ದಾರಿಯ ಪಡುಬದಿಗೆ, ಕಡಲಿಗೆ ಹತ್ತಿರ. ಬೇಸಗೆಯಲ್ಲಿ ಬಾವಿಗೆ ಉಪ್ಪು ಏರುತ್ತದೆ. ಆ ನೀರಿನಲ್ಲಿ ಗಂಜಿ ಬೇಯಿಸಿದರೆ ಬೇರೆ ಉಪ್ಪು ಬೇಡ. ಕುಡಿಯಲು ಸರಕಾರದ ಟ್ಯಾಂಕರೇ ಗತಿ. ಅಮ್ಮ ಬೆಳಿಗ್ಗೆ ಮೀನು ಮಾರಲು ಹೋಗುವವಳು, ನಾನು ಕಟಪಾಡಿಯಲ್ಲಿ ಆಟೊ ಓಡಿಸುವವನು. ಟ್ಯಾಂಕರ್ ತಪ್ಪಿದರೆ ಇಬ್ಬರ ಕೆಲಸವೂ ಕೆಟ್ಟಿತು.

ಆ ಬೇಸಗೆಯಲ್ಲಿ ಅಧಿಕಾರಿಯೊಬ್ಬರು ಒಬ್ಬ ಪತ್ರಕರ್ತನನ್ನು ಅಭಿವೃದ್ಧಿ ತೋರಿಸಲು ಕರೆತಂದರು. ಗಾಡಿ ಸರಕಾರದ್ದು, ಊಟ ಸರಕಾರದ್ದು, ಏನನ್ನು ನೋಡಬೇಕೆಂಬ ತೀರ್ಮಾನವೂ ಸರಕಾರದ್ದು. ಪೆನ್ನಾದರೂ ಪತ್ರಕರ್ತನದ್ದು ಎಂದುಕೊಂಡರೆ, ಅದರ ಮೇಲೂ ಇಲಾಖೆಯ ಹೆಸರಿತ್ತಂತೆ. ನಮ್ಮ ಪಕ್ಕದ ಹೊಸ ಕಾಂಕ್ರೀಟು ರಸ್ತೆಯನ್ನು ನೋಡಿ, ಬೆವರು ಒರೆಸಿಕೊಳ್ಳುತ್ತಾ ಜಗಲಿಗೆ ಬಂದರು. ನಾನು ಮನೆಯಲ್ಲಿರಲಿಲ್ಲ.

ಬಂದವರಿಗೆ ಉಪ್ಪುನೀರು ಕೊಡುವುದುಂಟೇ? ಅಮ್ಮ ಹೆದ್ದಾರಿ ದಾಟಿ ದೊಡ್ಡಮ್ಮನ ಮನೆಗೆ ಓಡಿ, ಉಪ್ಪೇರದ ಅವರ ಬಾವಿಯಿಂದ ಒಂದು ಕೊಡಪಾನ ನೀರು ಹೊತ್ತು ತಂದಳು. ಅಧಿಕಾರಿ ಕುಡಿದು, "ಅಬ್ಬ, ಎಳನೀರಿನ ಹಾಗೆ ಉಂಟು!" ಎಂದರು. ಪತ್ರಕರ್ತ ಅದನ್ನೇ ಬರೆದುಕೊಂಡ. ಎಲ್ಲಿಯ ನೀರೆಂದು ಅವನು ಕೇಳಲಿಲ್ಲ. ಹೇಳಿದರೆ ಬಂದವರಿಗೆ ಸಂಕೋಚವಾಗುತ್ತದೆಂದು ಅಮ್ಮನೂ ಹೇಳಲಿಲ್ಲ.

ಮರುದಿನ ಆಟೊ ಸ್ಟ್ಯಾಂಡಿನಲ್ಲಿ ಪೇಪರು ಬಿಡಿಸಿದರೆ, ಚೆಂಬು ಹಿಡಿದ ಅಮ್ಮನ ಫೋಟೊ. 'ಕಡಲ ತೀರದ ಬಾವಿಯಲ್ಲೂ ಸಿಹಿನೀರು: ಫಲ ಕೊಟ್ಟ ಸರಕಾರದ ಯೋಜನೆ.' ಯಾವ ಯೋಜನೆ ಎಂದು ಬಾವಿಗೂ ಗೊತ್ತಿರಲಿಲ್ಲ. ಅಂದಿನಿಂದ ಟ್ಯಾಂಕರ್ ಬರುವುದು ನಿಂತಿತು.

ಪತ್ರಕರ್ತನಿಗೆ ಫೋನು ಮಾಡಿದೆ. "ನಾನೆಂತ ಮಾಡುವುದು ಮಾರಾಯ? ಸಾಹೇಬರೇ ಹೇಳಿದ್ದಲ್ವಾ? ಅವರು ಅಲ್ಲ ಎಂದರೆ ನಾಳೆಯೇ ಹಾಕುತ್ತೇನೆ."

ಕಾಪುವಿನಲ್ಲಿರುವ ಸಾಹೇಬರ ಕಚೇರಿಗೆ ಹೋದೆ. "ಪೇಪರಿನವರು ಕಣ್ಣಾರೆ ನೋಡಿ ಬರೆದದ್ದು. ಅದನ್ನು ಸುಳ್ಳೆನ್ನಲು ನಾವು ಯಾರು?" ಎಂದರು ಅಧಿಕಾರಿ. ಪತ್ರಿಕಾ ಸ್ವಾತಂತ್ರ್ಯಕ್ಕೆ ಸರಕಾರ ಇಷ್ಟು ಗೌರವ ಕೊಡುತ್ತದೆಂದು ನನಗೆ ತಿಳಿದದ್ದೇ ಅಂದು.

ನನ್ನ ಕಾಟ ತಡೆಯಲಾರದೆ ಇಬ್ಬರೂ ಮತ್ತೆ ಅದೇ ಗಾಡಿಯಲ್ಲಿ ಪರಿಶೀಲನೆಗೆ ಬಂದರು. ಕೊಡಪಾನ ಎತ್ತಿಕೊಂಡು ಹೊರಟಿದ್ದ ಅಮ್ಮನನ್ನು ತಡೆದು, ನಮ್ಮ ಬಾವಿಯಿಂದಲೇ ಸೇದಿ ಕೊಟ್ಟೆ. ಅಮ್ಮ ನಾಚಿಕೆಯಿಂದ ಬೆಲ್ಲದ ತುಂಡನ್ನು ದೊಡ್ಡದು ಮಾಡಿದಳು.

ಅಧಿಕಾರಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಉಗುಳಬೇಕು ಎನ್ನುವಾಗ ಪತ್ರಕರ್ತನ ಮೊಬೈಲು ತಮ್ಮ ಕಡೆ ಇರುವುದು ಕಂಡಿತು. ನುಂಗಿ ನಕ್ಕರು. ಪತ್ರಕರ್ತನೂ ಕುಡಿದ. ಕಣ್ಣಲ್ಲಿ ನೀರು ಬಂತು.

"ಹೇಗುಂಟು?" ಎಂದೆ.

ಅವನು ಅಧಿಕಾರಿಯ ಮುಖ ನೋಡಿದ. "ಸಾರ್ ಹೇಳಲಿ."

"ತೊಂದರೆ ಇಲ್ಲ," ಎಂದರು ಸಾರ್.

ಗಾಡಿ ಹತ್ತಿದ ಮೇಲೆ ಇಬ್ಬರೂ ಒಂದೇ ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಪೇಪರಿನಲ್ಲಿ ಅದು ಬರಲಿಲ್ಲ. 'ಬಾವಿ ನೀರು ಕುಡಿಯಲು ಯೋಗ್ಯ: ಪರಿಶೀಲನೆಯಲ್ಲಿ ದೃಢ' ಎಂದಷ್ಟೇ ಬಂತು.

ನನಗೆ ಮೈಯೆಲ್ಲ ಉರಿಯಿತು. ಅಮ್ಮನಿಗೂ ಸಿಟ್ಟು, ಆದರೆ ನನ್ನ ಮೇಲೆ. "ಮನೆಗೆ ಬಂದವರಿಗೆ ಉಪ್ಪುನೀರು ಕುಡಿಸಿದೆಯಲ್ಲ, ನಿನಗೆ ಮರ್ಯಾದೆ ಉಂಟಾ?"

ಟ್ಯಾಂಕರ್ ಮತ್ತೆ ಬರಲಿಲ್ಲ. ಬೇಸಗೆಯಲ್ಲಿ ಮೊದಲ ಬಾಡಿಗೆಗೆ ಹೋಗುವ ಮುನ್ನ ದೊಡ್ಡಮ್ಮನ ಮನೆಯಿಂದ ಆಟೊದಲ್ಲಿ ನೀರು ತಂದುಹಾಕುತ್ತೇನೆ. ಅದರಲ್ಲಿ ಒಂದು ಕೊಡಪಾನವನ್ನು ಅಮ್ಮ ಮುಚ್ಚಿಡುತ್ತಾಳೆ. ನನಗೆ ಎಷ್ಟೇ ಬಾಯಾರಿದರೂ ಅದನ್ನು ಮುಟ್ಟಲು ಬಿಡುವುದಿಲ್ಲ. ಅವರು ಇನ್ನೊಮ್ಮೆ ಬಂದರೆ ಕೊಡಲು ಬೇಕಂತೆ.