ಶುಭ ಶುಕ್ರವಾರ ಸೂಜಿ ಮುಟ್ಟದ ರೋಸಿ

ಬೆಳಗಿನ ಆರೂವರೆ. ಅಮೆರಿಕದ ವುಡಿನ್‌ವಿಲ್‌ನ ವೈನ್ ಗೋದಾಮುಗಳ ಸಾಲಿನಲ್ಲಿ ಕೊನೆಯ ಶೆಡ್ಡಿಗೆ ಮಾತ್ರ ದೀಪ ಹತ್ತಿದೆ. ಒಳಗೆ ರೋಸಿ ಪಿಂಟೊ ಪ್ಲಾಸ್ಟಿಕ್ ಡಬ್ಬಿಯೊಂದರ ಮುಚ್ಚಳ ತೆಗೆದು ಮೂಸುತ್ತಾರೆ. ಒದ್ದೆ ಬಟ್ಟೆಯ ವಾಸನೆ ಅಷ್ಟೇ, ಬೂಸ್ಟು ಇನ್ನೂ ಹಿಡಿದಿಲ್ಲ. ಕಾಗದದ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಸತ್ತ ಜೇನ್ನೊಣ ಮಲಗಿದೆ. ಕುಂಚದ ತುದಿಯಿಂದ ಸೋಕಿದರೆ ಅದರ ಕಾಲು ಮಡಚುತ್ತದೆ.

"ಮೆದು ಆಗಿದೆ," ಎನ್ನುತ್ತಾರೆ ರೋಸಿ. "ನಿನ್ನೆ ಆಗ್ಬೇಕಿತ್ತು. ಇವತ್ತಲ್ಲ."

ಇವತ್ತು ಶುಭ ಶುಕ್ರವಾರ, ೨೦೧೭ರ ಏಪ್ರಿಲ್. ಏಸುವನ್ನು ಶಿಲುಬೆಗೆ ಜಡಿದ ಈ ದಿನ ಮೊಳೆ, ಸೂಜಿ ಮುಟ್ಟಬಾರದೆಂಬುದು ಕಿನ್ನಿಗೋಳಿಯಲ್ಲಿ ಅವರ ತಾಯಿ ಕಲಿಸಿದ ನೇಮ. ಅದನ್ನು ಅವರು ಐವತ್ತೆಂಟನೆಯ ವಯಸ್ಸಿನವರೆಗೂ ಮುರಿದಿಲ್ಲ. ಆದರೆ ಅವರ ಕೆಲಸವೇ ಸೂಜಿಯದು.

ಶೆಡ್ಡಿನ ಕಪಾಟುಗಳಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಒಂಟಿ ಜೇನ್ನೊಣಗಳ ಸಂಗ್ರಹವಿದೆ. ಇವಕ್ಕೆ ರಾಣಿಯಿಲ್ಲ, ತುಪ್ಪದ ತಟ್ಟಿಯಿಲ್ಲ. ಹೆಣ್ಣು ಒಬ್ಬಳೇ ಗೂಡು ಮಾಡಿ, ಪರಾಗದ ಮೇಲೆ ಮೊಟ್ಟೆಯಿಟ್ಟು, ಗೂಡಿನ ಬಾಯಿ ಮುಚ್ಚಿ ಹೊರಡುತ್ತಾಳೆ. ಸಾಮಾನ್ಯವಾಗಿ ಮಕ್ಕಳ ಮುಖ ನೋಡುವುದಿಲ್ಲ. ಕೆಲವು ಜಾತಿಗಳು ಹೂವಿನಿಂದ ಮಕರಂದದ ಜೊತೆಗೆ ಎಣ್ಣೆಯನ್ನೂ ಒಯ್ಯುತ್ತವೆ. ಅದಕ್ಕೆಂದೇ ಅವುಗಳ ಕಾಲಿನಲ್ಲಿ ಬಾಚಣಿಗೆಯಂಥ ಕೂದಲಿರುತ್ತದೆ. ಗಂಡಿಗೆ ಮನೆಯೇ ಇಲ್ಲ; ರಾತ್ರಿ ಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು ನಿದ್ದೆ ಮಾಡುತ್ತದೆ. ಡಬ್ಬಿಯಲ್ಲಿರುವುದು ಬೊಲಿವಿಯಾದಲ್ಲಿ ಹಾಗೆ ಮಲಗಿದ್ದಾಗಲೇ ಸಿಕ್ಕಿದ ಗಂಡು. ಅದರ ಬಗೆಯ ಗಂಡು ಈ ಸಂಗ್ರಹದಲ್ಲಿ ಇರುವುದು ಅದೊಂದೇ.

ಒಣಗಿ ಸೆಟೆದ ನೊಣಗಳನ್ನು ತೇವದಲ್ಲಿ ಮೆದು ಮಾಡಿ, ತೊಳೆದು, ಹೇರ್ ಡ್ರೈಯರ್‌ನಿಂದ ಕೂದಲು ಬಿಡಿಸಿ, ಪಿನ್ನಿಗೇರಿಸಿ ಅಧ್ಯಯನಕ್ಕೆ ಕೊಡುವುದು ರೋಸಿಯ ಕೆಲಸ. ದಿನಕ್ಕೆ ನಲವತ್ತರಷ್ಟು ಆಗುತ್ತವೆ. ಸಂಶೋಧನಾ ಪ್ರಬಂಧಗಳಲ್ಲಿ ಅವರ ಹೆಸರು ಬರುವುದಿಲ್ಲ. ಗಂಡ ಫ್ರಾನ್ಸಿಸ್ ಜೊತೆ ಈ ದೇಶಕ್ಕೆ ಬಂದಾಗ ಅವರ ವೀಸಾದಲ್ಲಿ ಕೆಲಸಕ್ಕೆ ಅವಕಾಶವಿರಲಿಲ್ಲ. ಊರಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದವರು ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನ ಮನೆಯಲ್ಲಿ ಏಳು ವರ್ಷ ಕಿಟಕಿ ನೋಡುತ್ತಾ ಕೂತರು. "ಪರದೆ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಇನ್ನೆಂತ ಮಾಡೋದು?" ಈ ಕೆಲಸ ಸಿಕ್ಕಿ ಎಂಟು ವರ್ಷ. ಕತ್ತು ನೋಯುತ್ತದೆ, ಸ್ಪಿರಿಟ್‌ಗೆ ಬೆರಳು ಒಡೆಯುತ್ತವೆ. ಒಂದು ವಾರ ಪೂರ್ತಿ ರಜೆ ಹಾಕಿದ್ದು ನೆನಪಿಲ್ಲ.

ತಪ್ಪು ತಮ್ಮದೇ ಎಂದು ಅವರಿಗೆ ಗೊತ್ತಿದೆ. ಬುಧವಾರ ಡಬ್ಬಿಗಿಟ್ಟ ನೊಣ ಗುರುವಾರ ಸಂಜೆಯಾದರೂ ಸೆಟೆದೇ ಇತ್ತು. ಆಗಲೇ ಹೊರತೆಗೆದು ಒಣಗಲು ಬಿಟ್ಟು, ಹಬ್ಬ ಕಳೆದ ಮೇಲೆ ಮತ್ತೆ ನೆನೆಸಬೇಕಿತ್ತು. ಪಾದ ತೊಳೆಯುವ ಪೂಜೆಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಇನ್ನಷ್ಟು ನೀರು ಚಿಮುಕಿಸಿ ಇಗರ್ಜಿಗೆ ಹೊರಟುಬಿಟ್ಟರು. ಇನ್ನೊಂದು ದಿನ ತೇವದಲ್ಲಿದ್ದರೆ ಬೂಸ್ಟು ಹಿಡಿದು ಕೀಲುಗಳು ಕಳಚುತ್ತವೆ; ಇಷ್ಟು ನೆನೆದದ್ದನ್ನು ಒಣಗಿಸಿ ಮತ್ತೆ ನೆನೆಸಿದರೂ ಅದೇ ಗತಿ.

ಏಳಕ್ಕೆ ಅಲಮೇಲು ಬರುತ್ತಾರೆ. ಮೈಸೂರಿನವರು, ಈ ನೊಣಗಳ ವರ್ಗೀಕರಣ ಮಾಡುವ ಸಂಶೋಧಕಿ. ಹಳದಿ ಮುಖದ ಹೆಣ್ಣು, ಕಪ್ಪು ಮುಖದ ಹೆಣ್ಣು: ಎರಡೂ ಒಂದೇ ಜಾತಿಯೋ ಬೇರೆಬೇರೆಯೋ ಎಂಬುದು ಅವರ ಪ್ರಶ್ನೆ. ಹಳದಿಯ ಗಂಡಿಗೆ ಹೊಟ್ಟೆಯ ತುದಿಯೊಳಗೆ ಅಡಗಿರುವ ಫಲಕ ದುಂಡಗಿರುತ್ತದೆ. ಡಬ್ಬಿಯಲ್ಲಿರುವುದು ಕಪ್ಪು ಮುಖದವುಗಳ ಗೂಡಿನ ಬಳಿ ಸಿಕ್ಕ ಗಂಡು. ಅದರ ಫಲಕವನ್ನು ಹರಿಯದಂತೆ ಹೊರತೆಗೆದರೆ ಉತ್ತರ ಸಿಗುತ್ತದೆ.

"ಫ್ರೀಜರ್‌ಗೆ ಹಾಕಿ ನಾಳೆ ಮಾಡೋಣ್ವಾ ಆಂಟಿ?"

"ಮೊದ್ಲೊಮ್ಮೆ ಹಾಗೆ ಮಾಡಿ ಒಂದರ ತಲೆಯೇ ಬಿದ್ದಿತ್ತು."

"ಸರಿ, ಸೂಜಿ ಬೇಡ. ಹೊರಗೆ ಬ್ಲ್ಯಾಕ್‌ಬೆರಿ ಪೊದೆ ಇದೆಯಲ್ಲ, ಮುಳ್ಳಲ್ಲಿ ಮಾಡಿ."

"ಮುಳ್ಳಾ? ಏಸುವಿನ ತಲೆ ಮೇಲೆ ಎಂತ ಇಟ್ಟಿದ್ರು ಅಂತ ಗೊತ್ತುಂಟಾ ನಿಂಗೆ?"

ಅಲಮೇಲು ನಾಲಿಗೆ ಕಚ್ಚಿಕೊಳ್ಳುತ್ತಾರೆ. "ಏಕಾದಶಿ ದಿನ ನಮ್ಮಜ್ಜಿ ಹತ್ರ ಅನ್ನ ಕೇಳಿದ ಹಾಗಾಯ್ತು."

"ನೀನೇ ಮಾಡು ಮಾರಾಯ್ತಿ."

"ಇದೊಂದೇ ಇರೋದು ಆಂಟಿ. ನಾನು ಹರಿದುಬಿಟ್ರೆ?"

"ನಾನು ಹೇಳಿಕೊಡ್ತೇನೆ. ಕೂತ್ಕೊ."

ಅಲಮೇಲು ಮೈಕ್ರೋಸ್ಕೋಪಿನ ಮುಂದೆ ಕೂರುತ್ತಾರೆ. ರೋಸಿ ಅದರ ಚಿತ್ರ ಮೂಡುವ ಪಕ್ಕದ ಪರದೆ ನೋಡುತ್ತಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ. ಕಟ್ಟದಿದ್ದರೆ ಅವು ತಾವಾಗಿಯೇ ಮುಂದೆ ಬರುತ್ತವೆ.

"ಮೊಣಕೈ ಮೇಜಿನ ಮೇಲಿಡು. ಈಗ ಸೂಜಿಯ ಕೊಕ್ಕೆ ಒಳಗೆ. ಎಳೀಬೇಡ, ಎಳೀಬೇಡ! ಹೊಟ್ಟೆ ಮೆಲ್ಲ ಒತ್ತು. ಅದೇ ಬರ್ತದೆ."

"ಬರ್ತಾ ಇಲ್ಲ."

"ಉಸಿರು ಬಿಡು ನೀನು. ನೀನೇ ಸತ್ತರೆ ನೊಣಕ್ಕೆ ಹೆಸರಿಡೋರು ಯಾರು?"

ಅಲಮೇಲುವಿಗೆ ನಗು ಬಂದು ಸೂಜಿ ಅಲುಗುತ್ತದೆ. ರೋಸಿ ಕಣ್ಣು ಮುಚ್ಚುತ್ತಾರೆ. ತೆರೆದಾಗ ಪರದೆಯ ಮೇಲೆ ಕಂದು ಬಣ್ಣದ ತೆಳು ಫಲಕವೊಂದು ಅರ್ಧ ಹೊರಬಂದಿದೆ. ಅಲಮೇಲು ಇನ್ನೊಮ್ಮೆ ಒತ್ತುತ್ತಾರೆ. ಅದು ಪೂರ್ತಿ ಹೊರಗೆ ಬರುತ್ತದೆ. ತುದಿ ದುಂಡಗಿಲ್ಲ, ಎರಡು ಕವಲಾಗಿದೆ.

"ಬೇರೆ ಜಾತಿ ಆಂಟಿ! ಬೇರೇನೇ ಇದು!"

"ಕಾಲೆಲ್ಲ ಉಂಟಾ?"

"ಆಂಟಿ, ಬೇರೆ ಜಾತಿ ಅಂತಿದೀನಿ..."

"ಅದು ಕೇಳಿಸ್ತು. ಕಾಲು ಎಣಿಸು."

ಆರೂ ಇವೆ. ಮೀಸೆಗಳೂ ಎರಡಿವೆ. ರೋಸಿ ಆಗ ಕೈ ಬಿಚ್ಚಿ, ಕುಂಚದಿಂದ ನೊಣವನ್ನೆತ್ತಿ, ಚೂಪು ತ್ರಿಕೋನದ ದಪ್ಪ ಕಾಗದದ ತುದಿಗೆ ಗೋಂದಿನ ಹನಿಯಿಟ್ಟು ಅಂಟಿಸುತ್ತಾರೆ. ಗೋಂದಿಗೆ ಅವರ ತಾಯಿ ಯಾವ ನೇಮವನ್ನೂ ಹೇಳಿರಲಿಲ್ಲ. ಇಗರ್ಜಿಗೆ ಹೊರಡಲು ಹೊರಗೆ ಫ್ರಾನ್ಸಿಸ್ ಕಾರಿನಲ್ಲಿ ಕಾಯುತ್ತಿದ್ದಾರೆ.

ಕಾಗದವನ್ನು ಪಿನ್ನಿಗೇರಿಸಲೆಂದು ಅಲಮೇಲು ಪಿನ್ನುಗಳ ಡಬ್ಬಿಗೆ ಕೈ ಹಾಕುತ್ತಾರೆ. ಕೋಟು ತೊಡುತ್ತಿದ್ದ ರೋಸಿ ಬಾಗಿಲಲ್ಲೇ ತಿರುಗುತ್ತಾರೆ.

"ಅದನ್ನು ಹಾಗೇ ಬಿಡು. ನಾಳೆ ಬಂದು ನಾನೇ ಹಾಕ್ತೇನೆ. ನೀನು ಓರೆ ಹಾಕ್ತಿ."