ನೀರು ಬಿಟ್ಟ ದಿನ ಗುಂಯ್‌ಗುಟ್ಟಿದ ಡಬ್ಬಿ

ಒಳಗಿನ ಕೋಣೆಯಲ್ಲಿ ನನ್ನ ಮೊಮ್ಮಗಳು ಬೇಸ್ ಗಿಟಾರು ಬಾರಿಸುತ್ತಿದ್ದಾಳೆ. ದಪ್ಪ ತಂತಿಯ ಸದ್ದು ಗೋಡೆ ದಾಟಿ, ನೆಲದೊಳಗಿಂದ ನನ್ನ ಪಾದಕ್ಕೆ ಬಂದು ತಾಗುತ್ತಿದೆ. ಹುಡುಗಿ ಬದುಕಿದ್ದಾಳೆ, ಬಾರಿಸುತ್ತಿದ್ದಾಳೆ. ಈ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ಬೆಳಗಿನಿಂದ ಮೇಲಿಂದ ಮೇಲೆ ಚಹಾ ಮಾಡಿ ಕುಡಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಮನೆ ಉಣಕಲ್ಲಿನಲ್ಲಿ. ಮಗ, ಸೊಸೆ ಕೆಲಸಕ್ಕೆ ಹೋದರೆ ಉಳಿಯುವವರು ನಾವಿಬ್ಬರೇ. ಬೇಸಿಗೆ ರಜೆಯಲ್ಲಿ ಮೊಮ್ಮಗಳು ಊಟದ ಮೇಜಿನ ಮೇಲೆ ಕಂಪ್ರೆಸರ್ ಕಟ್ಟಲು ಕುಳಿತಳು. ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟು, ಕಾಲಿನಿಂದ ಒತ್ತಿ ಚಾಲೂ ಮಾಡುವ ಡಬ್ಬಿ ಅದು. ಜೋರಾಗಿ ಬಂದ ಸ್ವರವನ್ನು ಅದುಮುತ್ತದೆ, ಸಣ್ಣಗೆ ಬಂದದ್ದನ್ನು ಮೇಲೆತ್ತುತ್ತದೆ ಎಂದಳು. ನನಗೆ ಅಷ್ಟಕ್ಕೇ ತಿಳಿಯಿತು. ತವರೂರು ಗರಗದಲ್ಲಿ ನಾನು ನೂಲು ತೆಗೆದವಳು. ಎಳೆ ದಪ್ಪವಾದರೆ ಜಗ್ಗಬೇಕು, ಸಣ್ಣಗಾದರೆ ಕೈ ಸಡಿಲಿಸಿ ಇನ್ನಷ್ಟು ಹತ್ತಿ ಬಿಡಬೇಕು. ಬೆರಳು ಮಾಡುವುದನ್ನೇ ಡಬ್ಬಿ ಮಾಡುತ್ತದೆ, ಅಷ್ಟೇ.

"ಆಯಿ, ನಿನ್ನ ಅಡಿಕಿ ಡಬ್ಬಿ ಕೊಡು. ಹೆಂಗೂ ಹಲ್ಲಿಲ್ಲ ನಿನಗ," ಎಂದಳು.

ಕೊಟ್ಟೆ. ಸಣ್ಣ ಹಲಗೆಯ ಮೇಲೆ ಕಾಳಿನಂಥ ಸಾಮಾನುಗಳನ್ನು ಬೆಸುಗೆ ಹಾಕಿ, ಆ ಹಿತ್ತಾಳೆ ಡಬ್ಬಿಗೆ ತೂತು ಕೊರೆದು ಕೂರಿಸಿದಳು. ಮನೆತುಂಬ ರಾಳದ ವಾಸನೆ. ನನಗಂತೂ ಮೊಮ್ಮಗಳು ಹೊಸ ಮನೆಯನ್ನೇ ಕಟ್ಟಿದಷ್ಟು ಹಿಗ್ಗು.

ಒಂದು ರೂಢಿ ನಾನೇ ಹಾಕಿಕೊಟ್ಟಿದ್ದೆ. ವಾದ್ಯ ಮುಟ್ಟುವ ಮುನ್ನ ಚಪ್ಪಲಿ ಬಿಡಬೇಕು, ಕೈಕಾಲು ತೊಳೆಯಬೇಕು, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಧಾರವಾಡದ ಕಡೆ ತಬಲಾಕ್ಕಾಗಲಿ ತಂಬೂರಿಗಾಗಲಿ ಅದೇ ಮರ್ಯಾದೆ, ಗಿಟಾರು ಏನು ಪಾಪ ಮಾಡಿದೆ? ಹುಡುಗಿ ಅದನ್ನು ಗಿಟಾರಿಗೂ ಡಬ್ಬಿಗೂ ಒಂದು ದಿನವೂ ತಪ್ಪಿಸಲಿಲ್ಲ. ಹಸಿ ಪಾದದಲ್ಲೇ ಬಂದು ನೆಲಕ್ಕೆ ಕೂಡುತ್ತಿದ್ದಳು.

ಮೊದಲ ದಿನವೇ ಡಬ್ಬಿಯೊಳಗಿಂದ ಆ ಸದ್ದು ಬಂತು. ಅವಳು ಬಾರಿಸುವಾಗ ಇಲ್ಲ; ಸ್ವರ ಇಳಿದು ಆರಿಹೋಗುವಾಗ ಅದು ಏಳುತ್ತಿತ್ತು. ಗುಂಯ್ ಎಂದು, ಬಾಗಿಲ ಹಿಂದೆ ಯಾರೋ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ ಎನ್ನುವ ಹಾಗೆ. ಡಬ್ಬಿ ಇಲ್ಲದಾಗಲೂ ಸ್ಪೀಕರಿಗೆ ಕಿವಿ ಹಚ್ಚಿದರೆ ಅದೇ ಸದ್ದು ಎಳೆಯಷ್ಟು ಕೇಳುತ್ತಿತ್ತು. ಡಬ್ಬಿ ಅದನ್ನು ಮೇಲೆತ್ತಿ ನಮ್ಮ ಮುಂದಿಟ್ಟಿತ್ತು. ಅವಳಿಗೆ ತನ್ನ ಬೆಸುಗೆಯ ಮೇಲೇ ಸಂಶಯ. ಎಲ್ಲ ಬಿಚ್ಚಿದಳು, ಮತ್ತೆ ಕಟ್ಟಿದಳು. ಗುಂಯ್ ಹೋಗಲಿಲ್ಲ. ತಂತಿ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ, ದಪ್ಪ ತಂತಿ ಅಲ್ಲವೇ, ನಡುಗುತ್ತದೆ ಎಂದು ನಕ್ಕಳು.

ಅದೇ ದಿನಗಳಲ್ಲಿ ಹಿತ್ತಲ ನಲ್ಲಿ ನನ್ನ ಕೈಗೂ ಜುಮ್ ಎನ್ನತೊಡಗಿತ್ತು. ವಾಯು ಇರಬೇಕೆಂದು ಔಡಲೆಣ್ಣೆ ತಿಕ್ಕಿಕೊಂಡೆ. ಹಿಮ್ಮಡಿ ಒಡೆದು ಮುಲಾಮು ಹಚ್ಚಿದ್ದರಿಂದ ಹಿತ್ತಲಲ್ಲೂ ರಬ್ಬರ್ ಚಪ್ಪಲಿ ಬಿಡುತ್ತಿರಲಿಲ್ಲ. ನಲ್ಲಿಯ ಕೆಳಗಿನ ತಗಡಿನ ಬೋಗುಣಿಯಲ್ಲಿ ದಿನಾ ನೀರು ಕುಡಿಯುತ್ತಿದ್ದ ಬೆಕ್ಕು ಅಲ್ಲಿಗೆ ಬರುವುದನ್ನೇ ಬಿಟ್ಟಿತ್ತು. ದೂರದಲ್ಲಿ ಕೂತು ಬೋಗುಣಿಯನ್ನೇ ನೋಡುತ್ತಿತ್ತು. ಈ ಬೆಕ್ಕಿಗೂ ವಯಸ್ಸಾಯಿತು ಎಂದುಕೊಂಡೆ.

ಆ ದಿನ ಕಾರ್ಪೊರೇಶನ್ ನೀರು ಬಿಟ್ಟಿದ್ದರು. ನಮ್ಮಲ್ಲಿ ನೀರು ಬಂದ ದಿನ ಹಬ್ಬವಿದ್ದ ಹಾಗೆ, ಮನೆಯ ಕೊಡ ಚಂಬು ಎಲ್ಲ ಹೊರಗೆ. ಮೋಟಾರು ಹಚ್ಚಿದೆವು. ಮೊಮ್ಮಗಳು ನನ್ನ ಜೊತೆ ಕೊಡ ತುಂಬಿಸಿ, ಮೊಣಕಾಲ ತನಕ ತೊಯ್ದು, ಹಾಗೇ ಕೈಕಾಲು ತೊಳೆದು ಕೋಣೆಗೆ ಹೋದಳು. ಸ್ಪೀಕರ್ ಹಚ್ಚಿದ್ದು ಹಿತ್ತಲಿಗೇ ಕೇಳಿಸಿತು. ಗುಂಯ್ ಎನ್ನುವುದು ಅಂದು ಗುಂಯ್ ಆಗಿರಲಿಲ್ಲ, ಗುರ್ ಎನ್ನುತ್ತಿತ್ತು. ನಾನು ನಲ್ಲಿ ತಿರುವಲು ಹೋದೆ. ಮೊಣಕೈ ತನಕ ಹೊಡೆಯಿತು.

"ಇವತ್ತ ನಲ್ಲಿ ಭಾಳ ಕಚ್ಚಾಕತ್ತೈತೆವಾ," ಎಂದು ಅಲ್ಲಿಂದಲೇ ಅಂದೆ. ಮಾತಿಗೆ ಅಂದದ್ದು, ಅಷ್ಟೇ.

ಬಾಗಿಲಿಗೆ ಬಂದು ಇಣುಕಿದೆ. ಹುಡುಗಿ ನಮಸ್ಕಾರ ಮಾಡಲು ಬಗ್ಗಿದ್ದಳು. ಬಲಗೈ ಡಬ್ಬಿಯಿಂದ ಗೇಣಿನಷ್ಟು ಮೇಲೆ ನಿಂತಿತ್ತು. ಪಾದದ ಸುತ್ತ ನೆಲದ ಮೇಲೆ ನೀರು.

"ಏನಂದಿ ಆಯಿ? ನಲ್ಲಿ ಕಚ್ಚತೈತಿ?"

"ಮೋಟಾರ್ ಹಚ್ಚಿದಾಗ ಜಾಸ್ತಿ."

ಅವಳು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದಳು, ಹಾವಿನ ಮುಂದಿಂದ ತೆಗೆಯುವ ಹಾಗೆ. ಕೈಕಾಲು ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಪಡಸಾಲೆಗೆ ಹೋಗಿ ಮೋಟಾರಿನ ಸ್ವಿಚ್ ಆರಿಸಿದಳು. ಸ್ವಿಚ್ ಟಿಕ್ ಎಂದದ್ದೇ ತಡ, ಕೋಣೆಯೊಳಗಿನ ಗುರ್ ಕುಗ್ಗಿಹೋಯಿತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಚಪ್ಪಲ್ ಬಿಡಬ್ಯಾಡ ಆಯಿ. ಏನೂ ಮುಟ್ಟಬ್ಯಾಡ," ಎಂದು ಮೇನ್ ಸ್ವಿಚ್ಚನ್ನೇ ಇಳಿಸಿದಳು. ಮನೆಯ ಫ್ಯಾನು, ಫ್ರಿಜ್ಜು ಎಲ್ಲ ಒಮ್ಮೆಗೇ ಸುಮ್ಮನಾದವು.

ಕರೆಂಟಿನ ಕೆಲಸದವನು ಬಂದು ನೋಡಿದ. ಮೋಟಾರಿನ ವಾಯರು ಒಳಗೇ ಸವೆದು ಕಬ್ಬಿಣಕ್ಕೆ ತಾಗಿತ್ತು. ಅದರಿಂದ ಸೋರಿದ ಕರೆಂಟೂ, ಫ್ರಿಜ್ಜಿನಂಥವುಗಳಿಂದ ದಿನಾ ಚೂರುಚೂರು ಸೋರುವುದೂ ಮಣ್ಣೊಳಗಿನ ಅರ್ಥಿಂಗ್ ಗುಂಡಿಗೆ ಇಳಿದುಹೋಗಬೇಕಿತ್ತಂತೆ. ಆ ಗುಂಡಿ ಎಲ್ಲಿ ಎಂದು ಕೇಳಿದ. ಹಿತ್ತಲಿಗೆ ಶಹಾಬಾದ್ ಕಲ್ಲು ಹಾಕಿಸಿದಾಗ ಅದರ ಮೇಲೂ ಕಲ್ಲು ಕೂರಿಸಿ, ಎಷ್ಟು ಸ್ವಚ್ಛ ಆಯಿತು ಎಂದು ಎಲ್ಲರೂ ಮೆಚ್ಚಿದ್ದೆವು. ಕಲ್ಲೆಬ್ಬಿಸಿದರೆ ಒಳಗಿನ ಮಣ್ಣು ಬೂದಿಯ ಹಾಗೆ ಒಣಗಿತ್ತು. ಇಳಿಯಲು ಜಾಗವಿಲ್ಲದ ಕರೆಂಟು ಅರ್ಥಿಂಗ್ ವಾಯರು ಹಿಡಿದು ಮನೆತುಂಬ ಹರಡಿ ನಲ್ಲಿಯಲ್ಲಿ, ಸ್ಪೀಕರಿನಲ್ಲಿ, ಗಿಟಾರಿನ ತಂತಿಯಲ್ಲಿ, ನನ್ನ ಅಡಿಕೆ ಡಬ್ಬಿಯಲ್ಲಿ ಕಾಯುತ್ತ ಕೂತಿತ್ತು. ಹಸಿಗಾಲಿನಲ್ಲಿ ಯಾರಾದರೂ ಮುಟ್ಟಿದ್ದರೆ, ಎಂದು ಶುರುಮಾಡಿದವನು ಹುಡುಗಿಯನ್ನು ನೋಡಿ ಮೋಟಾರಿನ ವಾಯರು ಬಿಚ್ಚತೊಡಗಿದ.

ಈಗ ಮೋಟಾರಿಗೆ ಹೊಸ ವಾಯರು. ಗುಂಡಿಗೆ ಉಪ್ಪು, ಇದ್ದಿಲು ತುಂಬಿಸಿದ್ದೇವೆ. ದಿನಾ ಬೆಳಿಗ್ಗೆ ನಾನೇ ಅದಕ್ಕೊಂದು ಕೊಡ ನೀರು ಹಾಕುತ್ತೇನೆ, ಮರೆಯುವುದಿಲ್ಲ. ಮೊಮ್ಮಗಳು ಚಪ್ಪಲಿ ಮೆಟ್ಟಿಕೊಂಡೇ ಬಾರಿಸುತ್ತಾಳೆ. ನಾನೇ ಹೇಳಿದ್ದು. ಅವಳ ಪಾಲಿನ ನಮಸ್ಕಾರವನ್ನು ನಾನು ಬಾಗಿಲಲ್ಲೇ ನಿಂತು ಮಾಡುತ್ತೇನೆ.

ಇಂದು ಮತ್ತೆ ನೀರು ಬಿಟ್ಟಿದ್ದಾರೆ. ಮೋಟಾರು ಓಡುತ್ತಿದೆ. ಒಳಗೆ ಒಂದು ಸ್ವರ ದಪ್ಪಗೆ ಎದ್ದು, ಸಮನಾದ ನೂಲಿನ ಹಾಗೆ ಉದ್ದಕ್ಕೆ ಬಂದು ಆರಿತು. ನಾನು ಪೆನ್ನು ಎತ್ತಿ ಕಿವಿಗೊಟ್ಟೆ. ಏನೂ ಇಲ್ಲ. ಅವಳು ಮುಂದಿನ ಸ್ವರ ಎತ್ತಿಕೊಂಡ ಮೇಲೆಯೇ ಉಸಿರು ಬಿಟ್ಟೆ.